ಹದಿನೈದು, ಐದು, ಮೂರು

ಮೈಸೂರಿನ ವಿಜಯನಗರ ಎರಡನೇ ಹಂತದ ಒಂದು ಮನೆಯ ವರಾಂಡ. ಹೊಸ ವರ್ಷದ ಮೊದಲ ದಿನದ ಮಧ್ಯಾಹ್ನ. ದೊಡ್ಡಪ್ಪ ಬೆಳಗ್ಗೆಯೇ ಎದ್ದು ಮೊದಲನೇ ಹಂತದ ಯೋಗಾನರಸಿಂಹಸ್ವಾಮಿ ದೇವಸ್ಥಾನದ ಸರದಿಯಲ್ಲಿ ನಿಂತು ಲಾಡು ತಂದಿದ್ದಾರೆ. ಅವರು ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿ, ಆಮೇಲೆ ಡಿಟಿಪಿ ಮಾಡಿ, ಪ್ರೂಫ್ ತಿದ್ದಿ ನಿವೃತ್ತರಾದವರು. ತಮ್ಮನ ಮಗಳು ಹೆಬ್ಬಾಳದ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ.

ದೊಡ್ಡಪ್ಪ: ಇವತ್ತೂ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲವಲ್ಲಮ್ಮ. ಆಫೀಸಿಗೆ ರಜೆ ಇಲ್ವಾ? ತಗೋ, ಮೊದಲು ಪ್ರಸಾದ.

ಮಗಳು: ರಜೆ ಇದೆ ದೊಡ್ಡಪ್ಪ. ಇದು ಆಫೀಸಿನ ಕೆಲಸ ಅಲ್ಲ. ನಾವು ಐದಾರು ಜನ ಸೇರಿ ನೋಡಿಕೊಳ್ಳುತ್ತಿರುವ ಒಂದು ಓಪನ್ ಸೋರ್ಸ್ ಟೂಲ್. ಪ್ರೋಗ್ರಾಮ್ ಬರೆಯುವವರು ಒಳಗೊಳಗೇ ವಿವರಣೆ ಬರೆದಿಟ್ಟಿರುತ್ತಾರಲ್ಲ, ಅದನ್ನೆಲ್ಲ ಹೆಕ್ಕಿ, ಪುಟ ಕಟ್ಟಿ, ಕೊನೆಗೆ ಪದಸೂಚಿ ಸೇರಿಸಿ ಕೈಪಿಡಿ ಮಾಡಿಕೊಡುತ್ತದೆ. ಕನ್ನಡದಲ್ಲಿ ಬರೆದ ಕೈಪಿಡಿಗಳೂ ಇದರಲ್ಲಿ ತಯಾರಾಗುತ್ತವೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಯಲ್ಲಿ ಬರೆದದ್ದು. ಈಗ 3ಕ್ಕೆ ತರುತ್ತಿದ್ದೇವೆ.

ದೊಡ್ಡಪ್ಪ: ಹಳೇದು ಕೆಟ್ಟುಹೋಯಿತಾ?

ಮಗಳು: ಕೆಡಲಿಲ್ಲ. ಅದು ನಿಂತಿದ್ದ ನೆಲ ಹೋಯಿತು. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೇದನ್ನು 2015ಕ್ಕೆ ನಿಲ್ಲಿಸುತ್ತೇವೆ ಅಂದಿದ್ದರು. ಜನ ಇನ್ನೂ ದಾಟಿರಲಿಲ್ಲ ಅಂತ 2014ರಲ್ಲಿ ಗಡುವನ್ನು ಇನ್ನೈದು ವರ್ಷ ಮುಂದಕ್ಕೆ ಹಾಕಿದರು. ಕೊನೆಗೆ 2020ರ ಜನವರಿ 1ಕ್ಕೆ ಮುಗಿಸಿಬಿಟ್ಟರು. ನೀವು ಹೀಗೇ ಲಾಡು ತಂದ ದಿನ ಅದು. ಅಲ್ಲಿಂದಾಚೆ ಅದರಲ್ಲಿ ತಪ್ಪು ಸಿಕ್ಕರೂ ತಿದ್ದುವವರಿಲ್ಲ. ಡೆಬಿಯನ್ ಅನ್ನುವ ಲಿನಕ್ಸ್‌ನ 2023ರಲ್ಲಿ ಬಂದ 12ನೇ ಆವೃತ್ತಿಯಲ್ಲಿ ಪೈಥಾನ್ 2 ಇಲ್ಲವೇ ಇಲ್ಲ. ನಮ್ಮ ಸರ್ವರಿಗೆ ಆ ಡೆಬಿಯನ್ ಹಾಕಿದ ದಿನ ಟೂಲ್ ನಿಂತಿತು.

ದೊಡ್ಡಪ್ಪ: ಅಷ್ಟು ವರ್ಷ ಗಡುವು ಕೊಟ್ಟಿದ್ದರಲ್ಲ. ಏನು ಮಾಡುತ್ತಿದ್ದಿರಿ?

ಮಗಳು: ನಡೆಯುತ್ತಿತ್ತು, ಹಾಗಾಗಿ ಯಾರೂ ಮುಟ್ಟಲಿಲ್ಲ. ಮೊದಲು ಬರೆದವರು ಬೇರೆ ಕೆಲಸಕ್ಕೆ ಹೋದರು. ಉಳಿದವರಿಗೆ ಭಾನುವಾರ ಒಂದೇ ಬಿಡುವು. ಇದು ನಮ್ಮೊಬ್ಬರ ಕಥೆಯಲ್ಲ. ಎಪಿಡಾಕ್ ಅಂತ ಒಂದಿತ್ತು, ಇದೇ ಥರದ್ದು, ಎಡ್ವರ್ಡ್ ಲೋಪರ್ ಬರೆದದ್ದು. ಒಂದು ಕಾಲಕ್ಕೆ ಪೈಥಾನ್ ಕೈಪಿಡಿ ಕಟ್ಟುವವರೆಲ್ಲ ಅದನ್ನೇ ಹಿಡಿಯುತ್ತಿದ್ದರು. ಅದರ ಕೊನೆಯ ಆವೃತ್ತಿ 2008ರ ಜನವರಿಯದು. ಪೈಥಾನ್ 3 ಹುಟ್ಟುವ ಮೊದಲೇ ಕೆಲಸ ನಿಂತಿತು, ಈಚೆ ದಡಕ್ಕೆ ಬರಲೇ ಇಲ್ಲ. ಆದರೆ ಅದರ ಒಂದು ಭಾಗ ಬದುಕಿದೆ. ಟ್ವಿಸ್ಟೆಡ್ ಅನ್ನುವ ಯೋಜನೆಯವರು ಪೈಡಾಕ್ಟರ್ ಅಂತ ತಮ್ಮದೇ ಟೂಲ್ ಮಾಡಿಕೊಂಡಿದ್ದರು. ಎಪಿಡಾಕ್‌ನ ಕೋಡನ್ನು ಅದರೊಳಗೆ ಸೇರಿಸಿಕೊಂಡು ಹೊಸ ಪೈಥಾನ್‌ಗೆ ದಾಟಿಸಿದರು.

ದೊಡ್ಡಪ್ಪ: ಮುಚ್ಚಿದ ಪ್ರೆಸ್ಸಿನ ಮೊಳೆ ಕೊಂಡು ಇನ್ನೊಂದು ಪ್ರೆಸ್ಸು ನಡೆಸಿದ ಹಾಗೆ.

ಮಗಳು: ಹಾಗೇ. ಸ್ಫಿಂಕ್ಸ್ ಅಂತ ಇನ್ನೊಂದಿದೆ. ಪೈಥಾನ್ ಭಾಷೆಯ ಕೈಪಿಡಿ ಬರೆಯುವುದಕ್ಕೇ ಗೇಯಾರ್ಗ್ ಬ್ರಾಂಡ್ಲ್ 2008ರಲ್ಲಿ ಹೊರತಂದದ್ದು. ಅವರು ಬಹಳ ವರ್ಷ ಎರಡೂ ದೋಣಿಯಲ್ಲಿ ಕಾಲಿಟ್ಟಿದ್ದರು. ಒಂದೇ ಕೋಡು ಹಳೇದರಲ್ಲೂ ನಡೆಯಬೇಕು, ಹೊಸದರಲ್ಲೂ ನಡೆಯಬೇಕು. 2019ರಲ್ಲಿ 2.0 ಆವೃತ್ತಿ ತಂದಾಗ ಹಳೇದನ್ನು ಬಿಟ್ಟರು. ಅವರಿಗೆ ಬಳಗ ದೊಡ್ಡದು, ಆಯಿತು. ನಮ್ಮಂಥ ಪುಟ್ಟ ಟೂಲ್‌ಗಳು ಹಿಂದೆ ಉಳಿದವು.

ದೊಡ್ಡಪ್ಪ: ನನಗೆ ಒಂದು ಅರ್ಥವಾಗಲಿಲ್ಲ. ಎರಡೂ ಪೈಥಾನೇ ತಾನೆ? ಎರಡರಿಂದ ಮೂರಕ್ಕೆ ಹೋಗುವುದಕ್ಕೆ ಇಷ್ಟು ಒದ್ದಾಟ ಯಾಕೆ?

ಮಗಳು: ಮುಕ್ಕಾಲು ಪಾಲು ಒದ್ದಾಟವಿಲ್ಲ. ಪ್ರಿಂಟ್ ಅನ್ನುವ ಕಡೆ ಕಂಸ ಹಾಕಬೇಕು. ಭಾಗಾಕಾರ ಬದಲಾಗಿದೆ. ಹಳೇದರಲ್ಲಿ ಏಳನ್ನು ಎರಡರಿಂದ ಭಾಗಿಸಿದರೆ ಮೂರು ಬರುತ್ತಿತ್ತು, ಈಗ ಮೂರೂವರೆ. ಪದಸೂಚಿಯನ್ನು ಎರಡು ಕಾಲಂ ಮಾಡುವಾಗ ಏಳು ಪದ ಇದ್ದರೆ ಮೂರೂವರೆ ಪದಕ್ಕೆ ಕತ್ತರಿಸು ಅಂದಂತಾಗಿ ಪ್ರೋಗ್ರಾಮ್ ನಿಂತುಬಿಡುತ್ತದೆ. ಇಂಥವನ್ನು ಹುಡುಕಿ ಬದಲಿಸಲು 2to3 ಅಂತ ಒಂದು ಸಾಧನವನ್ನು ಪೈಥಾನ್ ಜೊತೆಗೇ ಕೊಟ್ಟಿದ್ದರು. ಭಾಗಾಕಾರ ಅದರ ಕಣ್ಣಿಗೆ ಬೀಳುವುದಿಲ್ಲ, ಪ್ರಿಂಟ್ ಥರದ್ದನ್ನೆಲ್ಲ ಅದೇ ತಿದ್ದುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ 3.13ರಲ್ಲಿ ಆ ಸಾಧನವನ್ನೂ ತೆಗೆದುಬಿಟ್ಟರು. ನಾವು ಅದಕ್ಕೋಸ್ಕರ ಒಂದು ಹಳೇ 3ನ್ನು ಇಟ್ಟುಕೊಂಡಿದ್ದೇವೆ. ಅದೆಲ್ಲ ಎರಡು ಭಾನುವಾರದ ಕೆಲಸ. ಕಾಲು ಪಾಲು ಉಳಿದಿದೆಯಲ್ಲ, ಅಲ್ಲಿದೆ ಕಷ್ಟ. ಅದು ಕನ್ನಡದ ಕಷ್ಟ.

ದೊಡ್ಡಪ್ಪ: ಕನ್ನಡದ್ದಾ?

ಮಗಳು: ನೀವು ನೋಡಿ. ಹಳೇ ಪೈಥಾನ್‌ಗೆ ‘ಕನ್ನಡ’ ಅಂತ ಕೊಟ್ಟು ಎಷ್ಟು ಉದ್ದ ಅಂತ ಕೇಳುತ್ತೇನೆ. ಹದಿನೈದು ಅಂದಿತು. ಹೊಸದನ್ನು ಕೇಳುತ್ತೇನೆ. ಐದು.

ದೊಡ್ಡಪ್ಪ: ಎರಡೂ ತಪ್ಪು. ಕ, ನ್ನ, ಡ. ಮೂರಕ್ಷರ.

ಮಗಳು: ಮೂರೂ ಅವರವರ ಲೆಕ್ಕಕ್ಕೆ ಸರಿ ದೊಡ್ಡಪ್ಪ. ಪ್ರತಿ ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕ ಒಂದು, ನ ಒಂದು, ಒತ್ತು ಮಾಡುವ ಹಲಂತ ಒಂದು, ಮತ್ತೆ ನ, ಆಮೇಲೆ ಡ. ಐದು. ಈ ಐದರಲ್ಲಿ ಒಂದೊಂದನ್ನೂ ಫೈಲಿನಲ್ಲಿ ಬರೆಯಲು ಮೂರು ಮೂರು ಬೈಟ್ ಬೇಕು. ‘ಕ’ ಅಂದರೆ 224, 178, 149. ಕನ್ನಡದ ಯಾವ ಗುರುತು ತೆಗೆದುಕೊಂಡರೂ ಮೊದಲ ಬೈಟ್ 224, ಎರಡನೆಯದು 178 ಅಥವಾ 179. ಐದು ಮೂರಲೆ ಹದಿನೈದು. ಹಳೇ ಪೈಥಾನ್ ಅಕ್ಷರ ಎಣಿಸುತ್ತಿರಲಿಲ್ಲ, ಬೈಟ್ ಎಣಿಸುತ್ತಿತ್ತು.

ದೊಡ್ಡಪ್ಪ: ಪದ ಎಷ್ಟುದ್ದ ಅಂದರೆ ಸೀಸ ಎಷ್ಟು ತೂಕ ಅಂತ ಹೇಳಿದ ಹಾಗಾಯಿತು.

ಮಗಳು: ಅದರಿಂದ ಏನಾಗುತ್ತಿತ್ತು ನೋಡಿ. ನಮ್ಮ ಟೂಲ್ ಪ್ರತಿ ಅಧ್ಯಾಯದ ಮೊದಲ ಸಾಲನ್ನು ಅರವತ್ತಕ್ಕೆ ಕತ್ತರಿಸಿ ಪರಿವಿಡಿಯಲ್ಲಿ ತೋರಿಸುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಅರವತ್ತು ಅಕ್ಷರ ಬರುತ್ತದೆ. ಕನ್ನಡದಲ್ಲಿ ಬರೆದರೆ ಇಪ್ಪತ್ತಕ್ಕೇ ಮುಗಿಯಿತು. ಪದಗಳ ನಡುವೆ ಒಂದೇ ಬೈಟಿನ ಖಾಲಿ ಜಾಗ ಇರುತ್ತದಲ್ಲ, ಅದರಿಂದ ಲೆಕ್ಕ ತಪ್ಪಿ ಕೊನೆಯ ಅಕ್ಷರ ನಟ್ಟನಡುವೆ ತುಂಡಾಗುತ್ತಿತ್ತು. ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಒಂದು ಕಪ್ಪು ಚೌಕ ಕೂರುತ್ತಿತ್ತು.

ದೊಡ್ಡಪ್ಪ: ಯಾರೂ ದೂರು ಕೊಡಲಿಲ್ವಾ?

ಮಗಳು: ಕೊಟ್ಟಿದ್ದರು. ‘ಸಣ್ಣ ತೊಂದರೆ’ ಅಂತ ಗುರುತು ಹಾಕಿ ಬದಿಗಿಟ್ಟಿದ್ದರು.

ದೊಡ್ಡಪ್ಪ: ಬರೆದವರು ಜಾಣರೇ ಅಲ್ವಾ? ಇಷ್ಟು ಸರಳ ತಪ್ಪು ಹೇಗೆ ಮಾಡಿದರು?

ಮಗಳು: ಪೈಥಾನ್ ಮೊದಲು ಹೊರಬಂದದ್ದು 1991ರ ಫೆಬ್ರವರಿ. ಯೂನಿಕೋಡ್‌ನ ಮೊದಲ ಆವೃತ್ತಿ ಅದೇ ವರ್ಷದ ಅಕ್ಟೋಬರ್. ಮನೆ ಕಟ್ಟಿ ಮುಗಿದ ಮೇಲೆ ನಕ್ಷೆ ಬಂತು. 2000ದಲ್ಲಿ ಪೈಥಾನ್ 2.0 ಬಂದಾಗ ಯೂನಿಕೋಡ್‌ಗೆ ಅಂತ ಬೇರೆ ಕೋಣೆ ಕಟ್ಟಿದರು. ಹಳೇ ಕೋಣೆಯನ್ನು ಹಾಗೇ ಬಿಟ್ಟರು. ಎರಡರ ನಡುವೆ ಬಾಗಿಲು ಇತ್ತು, ಆದರೆ ಆ ಬಾಗಿಲಲ್ಲಿ ಆಸ್ಕಿ ಅನ್ನುವ ಇಂಗ್ಲಿಷ್ ಪಟ್ಟಿಯ ನೂರಿಪ್ಪತ್ತೆಂಟು ಗುರುತುಗಳಿಗೆ ಮಾತ್ರ ಪ್ರವೇಶ. ಇಂಗ್ಲಿಷ್ ಬರೆಯುವವರಿಗೆ ಬಾಗಿಲು ಇರುವುದೇ ಗೊತ್ತಾಗುತ್ತಿರಲಿಲ್ಲ, ಸಲೀಸಾಗಿ ಓಡಾಡುತ್ತಿದ್ದರು. 224 ಅನ್ನುವ ಬೈಟ್ ಆ ಬಾಗಿಲಿಗೆ ಬಂದ ತಕ್ಷಣ, ಅಂದರೆ ಕನ್ನಡದ ಮೊದಲ ಅಕ್ಷರಕ್ಕೇ, ಪ್ರೋಗ್ರಾಮ್ ಬೀಳುತ್ತಿತ್ತು. ನಾನು ಕಾಲೇಜಿನಲ್ಲಿ ಮೊದಲ ಸಲ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು ಓಡಿಸಿದಾಗ ಬಂದ ಎರರ್ ಇನ್ನೂ ನೆನಪಿದೆ. ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದೆ. ಕನ್ನಡ ಹಾಕಬಾರದು ಅಂತ ಸುಮ್ಮನಾದೆ. ಪೈಥಾನ್ 3ರಲ್ಲಿ ಆ ಗೋಜಲನ್ನೇ ತೆಗೆದರು. ಪಠ್ಯ ಅಂದರೆ ಯೂನಿಕೋಡ್. ಬೈಟ್ ಬೇರೆ ಜಾತಿ. ಎರಡನ್ನೂ ಬೆರೆಸಿದರೆ ಅಲ್ಲೇ ತಡೆಯುತ್ತದೆ, ಇಂಗ್ಲಿಷ್ ಆದರೂ ತಡೆಯುತ್ತದೆ. ನಮಗೆ ಮಾತ್ರ ಕಾಣುತ್ತಿದ್ದ ತಪ್ಪು ಈಗ ಎಲ್ಲರಿಗೂ ಕಾಣುತ್ತದೆ. ಅದಕ್ಕೇ ದಾಟುವುದು ಎಲ್ಲರಿಗೂ ಕಷ್ಟವಾಯಿತು. ಅದಕ್ಕೇ ನನಗೆ ಈ ಕೆಲಸದ ಮೇಲೆ ಇಷ್ಟು ಪ್ರೀತಿ.

ದೊಡ್ಡಪ್ಪ: ಈಗ ಅರ್ಥವಾಯಿತು. ಇದನ್ನು ನಾನೂ ಅನುಭವಿಸಿದ್ದೇನೆ ಕಣಮ್ಮ. ಮೊಳೆ ಬಿಟ್ಟು ಕಂಪ್ಯೂಟರಿಗೆ ಬಂದಾಗ ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳು ಇದ್ದದ್ದರಿಂದ ನಮ್ಮ ಹೊಟ್ಟೆ ತುಂಬಿತು. ಕೀಲಿ ಒತ್ತಿದರೆ ಪರದೆಯ ಮೇಲೆ ಮುದ್ದಾಗಿ ‘ಕನ್ನಡ’ ಬರುತ್ತಿತ್ತು. ಒಂದು ದಿನ ಆ ಫೈಲನ್ನು ಬೇರೆ ಊರಿನ ಒಬ್ಬರಿಗೆ ಕಳಿಸಿದೆ. ಅವರಲ್ಲಿ ಆ ಫಾಂಟ್ ಇರಲಿಲ್ಲ. ಫೋನ್ ಮಾಡಿ ‘ಏನ್ರೀ ಇದು’ ಅಂದರು. ನಾನು ಬರೆದ ‘ಕನ್ನಡ’ ಅವರಿಗೆ ಹೇಗೆ ಕಂಡಿತ್ತು ಗೊತ್ತಾ? ದೊಡ್ಡ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಆ ಎ, ಜರ್ಮನ್ ಅಕ್ಷರ ಒಂದು, ಸಣ್ಣ ಕ್ಯೂ, ಮತ್ತೆ ಎ. ಅಷ್ಟು ದಿನ ನಾನು ಕನ್ನಡ ಬರೆಯುತ್ತಲೇ ಇರಲಿಲ್ಲ. ಪಿ ಮತ್ತು ಪೌಂಡನ್ನು ಕನ್ನಡದ ಆಕಾರದಲ್ಲಿ ನೋಡುತ್ತಿದ್ದೆ.

ಮಗಳು: ಆಮೇಲೆ?

ದೊಡ್ಡಪ್ಪ: ಆಮೇಲೆ ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಮುಗಳು ಬಂದವು. ಒಂದು ಗುಂಡಿ ಒತ್ತಿದರೆ ಇಡೀ ಪುಸ್ತಕ ತಿರುಗುತ್ತದೆ ಅಂದರು. ತಿರುಗಿತು. ಆದರೆ ಅರ್ಕಾವತ್ತು ಒಂದಕ್ಷರ ಹಿಂದೆ ಮುಂದೆ ಆದದ್ದು, ದೀರ್ಘ ಕಳಚಿದ್ದು, ಅಲ್ಲಲ್ಲಿ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಚೂರುಗಳಾಗಿ ಕೂತದ್ದು. ಅದನ್ನೆಲ್ಲ ಕೂತು ನೋಡಿದವನು ನಾನು. ನಿನ್ನ ಆ 2to3 ಕೂಡ ಹಾಗೇ ಇರಬೇಕು.

ಮಗಳು: ಅದಕ್ಕೆ ಪ್ರಿಂಟ್ ಗೊತ್ತು, ಕಂಸ ಗೊತ್ತು. ಈ ಜಾಗದಲ್ಲಿ ಬರುವುದು ಪಠ್ಯವೋ ಬೈಟೋ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೂ ಮನುಷ್ಯ ಹೋಗಿ, ಈ ಫೈಲ್ ಎಲ್ಲಿಂದ ಬಂತು, ಯಾವ ಎನ್‌ಕೋಡಿಂಗ್, ಎಲ್ಲಿಗೆ ಹೋಗುತ್ತದೆ ಅಂತ ಕೇಳಬೇಕು. ಫೈಲ್ ತೆರೆಯುವ ಪ್ರತಿ ಸಾಲಿನಲ್ಲಿ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಲಿನಕ್ಸ್‌ನಲ್ಲಿ ನಡೆದದ್ದು ವಿಂಡೋಸ್‌ನಲ್ಲಿ ಮುಗ್ಗರಿಸುತ್ತದೆ.

ದೊಡ್ಡಪ್ಪ: ಮೂಲಪ್ರತಿ ಇಟ್ಟುಕೊಂಡಿದ್ದೀಯಾ?

ಮಗಳು: ಅಂದರೆ?

ದೊಡ್ಡಪ್ಪ: ನಾವು ಪ್ರೂಫ್ ನೋಡುವಾಗ ಒಬ್ಬರು ಹಸ್ತಪ್ರತಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಗ್ಯಾಲಿ ಪ್ರೂಫ್ ಮೇಲೆ ಕಣ್ಣಿಟ್ಟು ತಿದ್ದುವುದು. ಅಲ್ಪವಿರಾಮವನ್ನೂ ಓದುತ್ತಿದ್ದೆವು. ಮೂಲ ಇಲ್ಲದೆ ಬರೀ ಪ್ರೂಫ್ ನೋಡಿದರೆ ವಾಕ್ಯ ಚೆನ್ನಾಗಿದೆ ಅಂತ ದಾಟಿಬಿಡುತ್ತೀಯ. ಒಂದು ಸಾಲೇ ಬಿಟ್ಟುಹೋಗಿದ್ದರೂ ಗೊತ್ತಾಗುವುದಿಲ್ಲ.

ಮಗಳು: ಮಾಡಿದ್ದೇವೆ. ಹಳೇ ಪೈಥಾನನ್ನು ಒಂದು ಕಡೆ ಪ್ರತ್ಯೇಕವಾಗಿ ಕಾಪಾಡಿಕೊಂಡು, ಹಳೇ ಟೂಲ್‌ನಲ್ಲಿ ಪುಟಗಳನ್ನೆಲ್ಲ ಕಟ್ಟಿಸಿ ಇಟ್ಟಿದ್ದೇವೆ. ಹೊಸದು ಕಟ್ಟಿದ ಪುಟಗಳನ್ನು ಅದರ ಪಕ್ಕಕ್ಕಿಟ್ಟು ಸಾಲು ಸಾಲು ಹೋಲಿಸುತ್ತೇವೆ. ತೊಂದರೆ ಏನಂದರೆ, ಹಳೇದೇ ತಪ್ಪು ಇರುವ ಕಡೆ ವ್ಯತ್ಯಾಸ ಬಂದರೆ ಒಳ್ಳೆಯದು, ಸರಿ ಇರುವ ಕಡೆ ಬಂದರೆ ಕೆಟ್ಟದ್ದು. ಅದನ್ನು ಯಂತ್ರ ಹೇಳುವುದಿಲ್ಲ. ನನಗೂ ಕೆಲವು ಸಲ ಆಸೆಯಾಗುತ್ತದೆ, ಹೇಗೂ ಕೈ ಹಾಕಿದ್ದೇವೆ, ಈ ಕೊಳಕು ಕೋಡನ್ನೂ ಚೆನ್ನಾಗಿ ಬರೆದುಬಿಡೋಣ ಅಂತ.

ದೊಡ್ಡಪ್ಪ: ಬೇಡ. ಮೊಳೆ ಜೋಡಿಸುವವನು ಲೇಖಕನ ವಾಕ್ಯ ತಿದ್ದಬಾರದು. ತಿದ್ದಬೇಕು ಅನಿಸಿದರೆ ಚೀಟಿಯಲ್ಲಿ ಬರೆದಿಡು. ಮೊದಲು ಕಂಡಂತೆ ಜೋಡಿಸು. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಬಂದಾಗ ಯಾವುದರಿಂದ ಬಂತು ಅಂತ ಹೇಳೋದಕ್ಕಾಗಲ್ಲ.

ಮಗಳು: ಅದನ್ನು ನಮ್ಮ ಗುಂಪಿಗೂ ಹೇಳುತ್ತೇನೆ. ದೊಡ್ಡಪ್ಪ, ಈ ಪದಸೂಚಿ ಒಮ್ಮೆ ನೋಡಿ. ಹಳೇದರಲ್ಲೂ ಹೊಸದರಲ್ಲೂ ಒಂದೇ ಥರ ಬಂದಿದೆ, ಇದೊಂದು ಸರಿಯಿದೆ ಅಂತ ಗುರುತು ಹಾಕಿದ್ದೇನೆ.

ದೊಡ್ಡಪ್ಪ: ಕನ್ನಡಕ ಕೊಡು. ಬಲಬದಿ, ಬಳಕೆದಾರ, ಬಹುವಚನ. ಸರಿಯಿಲ್ಲ ಕಣಮ್ಮ.

ಮಗಳು: ಕಾಗುಣಿತ ಸರಿಯಿದೆಯಲ್ಲ?

ದೊಡ್ಡಪ್ಪ: ವರ್ಣಮಾಲೆ ಹೇಳು. ಯ ರ ಲ...

ಮಗಳು: ಯ ರ ಲ ವ ಶ ಷ ಸ ಹ ಳ. ಅಯ್ಯೋ, ಳ ಕೊನೆಗೆ!

ದೊಡ್ಡಪ್ಪ: ಬಲಬದಿ, ಬಹುವಚನ, ಆಮೇಲೆ ಬಳಕೆದಾರ. ನಿಘಂಟು ತೆಗೆದು ನೋಡು.

ಮಗಳು: ಯೂನಿಕೋಡ್‌ನ ಕನ್ನಡದ ಪಟ್ಟಿಯಲ್ಲಿ ಳ ಇರುವುದು ಲ ಪಕ್ಕದಲ್ಲಿ. ಭಾರತದ ಲಿಪಿಗಳಿಗೆಲ್ಲ ಒಂದೇ ಚೌಕಟ್ಟು ಹಾಕಿದ ಇಸ್ಕಿಯ ಕ್ರಮ ಅದು, ಯೂನಿಕೋಡ್‌ಗೂ ಹಾಗೇ ಬಂತು. ಪೈಥಾನ್ ಆ ಪಟ್ಟಿಯಲ್ಲಿ ಅಕ್ಷರಕ್ಕಿರುವ ಸಂಖ್ಯೆ ನೋಡಿ ಸಾಲಾಗಿ ಜೋಡಿಸುತ್ತದೆ. ಎರಡು ಆವೃತ್ತಿಯೂ ಒಂದೇ ತಪ್ಪು ಮಾಡುತ್ತಿದ್ದರಿಂದ ನನಗೆ ಸರಿ ಅಂತ ಕಂಡಿತು. ಇದಕ್ಕೆ ನಮ್ಮದೇ ಕ್ರಮ ಬರೆಯಬೇಕು.

ದೊಡ್ಡಪ್ಪ: ಚೀಟಿಯಲ್ಲಿ ಬರೆದಿಡು ಅಂದೆನಲ್ಲ, ಇದೇ ಮೊದಲ ಚೀಟಿ.

ಮಗಳು: ಇನ್ನೊಂದು ಚೀಟಿ ನನ್ನ ಹತ್ತಿರವೇ ಇದೆ. ಹುಡುಕುವ ಪಟ್ಟಿ ಮಾಡುವಾಗ ಪಠ್ಯವನ್ನು ಪದ ಪದವಾಗಿ ಒಡೆಯಬೇಕು. ಪೈಥಾನ್ ಜೊತೆಗೇ ಬರುವ ಸಾಧನ ಅದಕ್ಕಿದೆ. ಅದರ ಲೆಕ್ಕದಲ್ಲಿ ಕೊಂಬು, ಗುಡಿಸು, ಹಲಂತ ಇವು ಅಕ್ಷರಗಳೇ ಅಲ್ಲ. ಹಾಗಾಗಿ ‘ಮೈಸೂರು’ ಅನ್ನುವುದನ್ನು ಮ, ಸ, ರ ಅಂತ ಮೂರು ಪದ ಮಾಡುತ್ತದೆ. ‘ವಿಜಯನಗರ’ವನ್ನು ವ ಒಂದು, ಜಯನಗರ ಒಂದು ಮಾಡುತ್ತದೆ. ಇದು ಪೈಥಾನ್ 3ರಲ್ಲೂ ಹೀಗೇ ಇದೆ. ಬೇರೆ ಲೈಬ್ರರಿ ಹಾಕಿಕೊಂಡರೆ ಸರಿಹೋಗುತ್ತದೆ.

ದೊಡ್ಡಪ್ಪ: ಮೈಸೂರಿನವರು ಕೂತು ಮಾಡಿದ ಟೂಲ್‌ನಲ್ಲಿ ಮೈಸೂರು ಹುಡುಕಿದರೆ ಮೂರು ತುಂಡು! ಇದನ್ನು ಬಿಡಬೇಡ ಕಣಮ್ಮ. ಟೂಲ್ ಸರಿಯಿದೆ ಅಂತ ನೋಡಲು ನೀವು ಯಾವ ಪಠ್ಯ ಕೊಡುತ್ತೀರಿ?

ಮಗಳು: ಟೆಸ್ಟ್ ಫೈಲುಗಳಿವೆ. ಎಲ್ಲ ಇಂಗ್ಲಿಷ್. ಒಂದರಲ್ಲಿ ಫ್ರೆಂಚ್ ಇದೆ.

ದೊಡ್ಡಪ್ಪ: ಹಾಗಾದರೆ ತಪ್ಪು ಹೇಗೆ ಸಿಕ್ಕೀತು? ಹೊಸ ಫಾಂಟ್ ಬಂದಾಗ ನಾನು ಮೊದಲು ಹೊಡೆದು ನೋಡುತ್ತಿದ್ದ ಪದಗಳಿವೆ. ಬರೆದುಕೋ. ಸ್ವಾತಂತ್ರ್ಯ. ತಕ್ಕೆ ಎರಡು ಒತ್ತು, ಒಂದರ ಕೆಳಗೊಂದು. ರಾಷ್ಟ್ರ. ಲಕ್ಷ್ಮಿ. ಅರ್ಘ್ಯ, ಇದರಲ್ಲಿ ಅರ್ಕಾವತ್ತೂ ಇದೆ, ಯ ಒತ್ತೂ ಇದೆ. ಜ್ಞಾನ. ಕೊನೆಗೆ ರ‍್ಯಾಂಕ್.

ಮಗಳು: ಹಾಕಿದೆ. ಓಡಿಸುತ್ತೇನೆ. ಬಂತು ನೋಡಿ.

ದೊಡ್ಡಪ್ಪ: ಸ್ವಾತಂತ್ರ್ಯ ಸರಿ. ರಾಷ್ಟ್ರ ಸರಿ. ಲಕ್ಷ್ಮಿ, ಅರ್ಘ್ಯ, ಜ್ಞಾನ ಎಲ್ಲ ಸರಿ. ಕೊನೆಯದು ತಪ್ಪು. ಅರ್ಕಾವತ್ತು ಬಂದುಬಿಟ್ಟಿದೆ. ‘ರ್ಯಾಂಕ್’ ಆಗಿದೆ. ನಾನು ಹೇಳಿದ್ದು ರಕಾರ ಪೂರ್ತಿ ಬಂದು ಯ ಒತ್ತು ಕೆಳಗೆ ಬರುವುದು, ‘ರ‍್ಯಾಂಕ್’.

ಮಗಳು: ಇದು ನಮ್ಮದೇ ತಪ್ಪು. ರಕಾರ ಪೂರ್ತಿ ಉಳಿಯಬೇಕು ಅಂತ ಹೇಳಲು ಕಣ್ಣಿಗೆ ಕಾಣದ ಒಂದು ಗುರುತು ನಡುವೆ ಇರುತ್ತದೆ, ಜೀರೋ ವಿಡ್ತ್ ಜಾಯ್ನರ್ ಅಂತ. ನಮ್ಮ ಟೂಲ್‌ನಲ್ಲಿ, ಬೇರೆ ಕಡೆಯಿಂದ ತಂದು ಅಂಟಿಸಿದ ಪಠ್ಯವನ್ನು ಚೊಕ್ಕಟ ಮಾಡೋಣ ಅಂತ ಕಾಣದ ಗುರುತುಗಳನ್ನೆಲ್ಲ ಒರೆಸುವ ಒಂದು ಸಾಲಿದೆ. ಬರೆದವರಿಗೆ ಅದು ಕಸ.

ದೊಡ್ಡಪ್ಪ: ನಮಗೆ ಅದು ಮೊಳೆ. ಇಂಥ ಪದ ಇನ್ನೂ ಬೇಕಾ?

ಮಗಳು: ಬೇಕು. ಎಷ್ಟು ಸಿಕ್ಕರೆ ಅಷ್ಟು. ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ ದೊಡ್ಡಪ್ಪ. ಕನ್ನಡ ಗೊತ್ತಿರುವವರು, ಎಲ್ಲಿ ಮುರಿಯುತ್ತದೆ ಅಂತ ಗೊತ್ತಿರುವವರು, ಒಂದು ಪದ ಬರೆದು, ಅದು ಹೇಗೆ ಕಾಣಬೇಕು ಅಂತ ಪಕ್ಕದಲ್ಲಿ ಬರೆದು ಕಳಿಸಿದರೆ ಸಾಕು. ಒಮ್ಮೆ ಟೆಸ್ಟಿಗೆ ಸೇರಿದರೆ ಮುಂದೆ ಯಾರೇ ಕೋಡು ಬದಲಿಸಿದರೂ, ಅವರಿಗೆ ಕನ್ನಡ ಬರದಿದ್ದರೂ, ಆ ಪದ ಮುರಿದರೆ ಅವರ ಬದಲಾವಣೆ ಒಳಗೆ ಬರುವುದಿಲ್ಲ. ಇಂಥ ಟೆಸ್ಟ್ ಮೊದಲೇ ಒಂದು ಇದ್ದಿದ್ದರೆ ಆ ಕಪ್ಪು ಚೌಕವನ್ನು ಸಣ್ಣ ತೊಂದರೆ ಅಂತ ಬದಿಗಿಡಲು ಆಗುತ್ತಿರಲಿಲ್ಲ.

ದೊಡ್ಡಪ್ಪ: ಮೊದಲನೇ ಹಂತದ ಸಾಹಿತ್ಯ ಭವನದಲ್ಲಿ ಕಾರ್ಯಕ್ರಮ ಇದ್ದಾಗ ಪ್ರೂಫ್ ನೋಡುತ್ತಿದ್ದ ನನ್ನ ಗೆಳೆಯರು ಇಬ್ಬರು ಮೂವರು ಬರುತ್ತಾರೆ. ಅವರನ್ನೂ ಕೇಳುತ್ತೇನೆ. ಅವರ ಹತ್ತಿರ ಬೇರೆ ಪದಗಳಿರುತ್ತವೆ. ಆ ಕೊನೆಯದನ್ನು ಇವತ್ತೇ ಸರಿಮಾಡುತ್ತೀಯಾ?

ಮಗಳು: ಇಲ್ಲ. ನೀವೇ ಹೇಳಿದಿರಲ್ಲ, ಮೊದಲು ಕಂಡಂತೆ ಜೋಡಿಸು ಅಂತ. ಹಳೇ ಟೂಲ್‌ನಲ್ಲೂ ಇದು ತಪ್ಪೇ. ಚೀಟಿ ಬರೆದು, ಟೆಸ್ಟ್ ಸೇರಿಸಿ ಬಿಡುತ್ತೇನೆ. ದಾಟಿ ಮುಗಿದ ಮೇಲೆ ಮೊದಲ ಕೆಲಸ ಅದೇ.

ಸಂಜೆಯ ಹೊತ್ತಿಗೆ ಆರು ಪದಗಳ ಫೈಲು ಟೂಲ್‌ನ ಟೆಸ್ಟುಗಳ ಜೊತೆ ಸೇರಿತು. ಐದು ಪಾಸಾಗಿವೆ. ರ‍್ಯಾಂಕ್ ಇನ್ನೂ ಆಗಿಲ್ಲ.